ಹಾಲಿನ ಲೆಕ್ಕದ ಪುಸ್ತಕ, ರಿಪೇರಿಗೆ ಹೋದ ರೇಡಿಯೋ ಮತ್ತು ಅಜ್ಜಿಯ ‘ಮೈಸೂರು ಟೀಮು’

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ, ಮೆಟ್ರೋದಲ್ಲೋ, ಇಲ್ಲಾ ಪಾತ್ರೆ ತೊಳೀತಾನೋ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆಗೆ ನಾನು ರೆಫರೆನ್ಸ್ ಅಂತ ಇಟ್ಕೊಂಡಿರೋದು ಒಂದು ಹಾಲಿನ ಲೆಕ್ಕದ ಪುಸ್ತಕ. ನಗಬೇಡಿ. ನಾನು ಓದಿದ್ದು ಬಿ.ಕಾಂ. ನಮಗೆ ಲೆಕ್ಕದ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಕಳೆದ ವರ್ಷ ಮೈಸೂರಿನ ಅಜ್ಜಿ ಮನೆ ಖಾಲಿ ಮಾಡ್ಬೇಕಾಯ್ತು. ಅಟ್ಟದ ಮೇಲಿಂದ ಒಂದು ಟ್ರಂಕು ಇಳಿಸಿದ್ವಿ. ಒಳಗೆ ನಾಲ್ಕು ಉದ್ದನೆಯ ಪುಸ್ತಕ, ಕೆಂಪು ರಟ್ಟು, ಅಂಚೆಲ್ಲ ಜಿರಲೆ ತಿಂದಿದೆ. ಅಮ್ಮ ನೋಡಿದ ಕೂಡ್ಲೆ "ಹಾಲಿನ ಲೆಕ್ಕ ಕಣೆ, ರದ್ದಿಗೆ ಹಾಕು" ಅಂದ್ರು. ನಾನು ಸುಮ್ನೆ ಒಂದನ್ನ ತಿರುಗಿಸಿದೆ. ಮುಂದಿನಿಂದ ತೆಗೆದ್ರೆ ಹಾಲು, ಅಕ್ಕಿ, ಸೀಮೆಎಣ್ಣೆ, ಧೋಬಿ. ಹಿಂದಿನಿಂದ, ಪುಸ್ತಕ ತಲೆಕೆಳಗೆ ಮಾಡಿ ತೆಗೆದ್ರೆ, ಸ್ಕೋರು. ಅಜ್ಜಿಯ ದುಂಡು ಅಕ್ಷರದಲ್ಲಿ ರಣಜಿ ಸ್ಕೋರು. ವಿಶ್ವನಾಥ್ ಇಷ್ಟು, ಬ್ರಿಜೇಶ್ ಇಷ್ಟು, ಕಿರ್ಮಾನಿ ಇಷ್ಟು.

ನನ್ನನ್ನ ಬಲ್ಲವರಿಗೆ ಗೊತ್ತು, ನಾನು ಕರ್ನಾಟಕ ರಣಜಿ ತಂಡದ ಹುಚ್ಚಿ. ಆಫೀಸಲ್ಲಿ ಎಲ್ಲ ಐಪಿಎಲ್ ಹರಾಜು ನೋಡ್ತಿದ್ರೆ ನಾನು ರಣಜಿ ಲೈವ್ ಸ್ಕೋರ್ ರಿಫ್ರೆಶ್ ಮಾಡ್ತಿರ್ತೀನಿ. "ರಣಜಿ ಯಾರ್ ನೋಡ್ತಾರೆ ಗುರು?" ಅಂತ ಕೇಳಿಸ್ಕೊಂಡು ಕೇಳಿಸ್ಕೊಂಡು ಕಿವಿ ತೂತಾಗಿದೆ. ಈ ಹುಚ್ಚು ಹಿಡಿಸಿದ್ದು ನಮ್ಮಜ್ಜಿ. ಅಮ್ಮನ ಅಮ್ಮ. ಬದುಕಿನ ಮೊದಲ 65 ವರ್ಷ ಒಂದು ಸಲವೂ ಕ್ರಿಕೆಟ್ ಮೈದಾನದೊಳಗೆ ಕಾಲಿಡದೆ ಇದ್ದವರು.

ಅಜ್ಜಿ ಯಾವತ್ತೂ ‘ಕರ್ನಾಟಕ’ ಅಂತ ಹೇಳ್ತಿರ್ಲಿಲ್ಲ. "ನಮ್ ಮೈಸೂರು ಟೀಮು" ಅಂತಾನೇ ಹೇಳ್ತಿದ್ದಿದ್ದು. ಚಿಕ್ಕವಳಿದ್ದಾಗ ನಾನು ತಿದ್ದೋಕೆ ಹೋಗಿ ಬೈಸ್ಕೊಂಡಿದೀನಿ. ಆಮೇಲೆ ಗೊತ್ತಾಯ್ತು, ಅವರು ತಪ್ಪೇನೂ ಹೇಳ್ತಿರ್ಲಿಲ್ಲ. ತಂಡದ ಮೊದಲ ಹೆಸರು ಅದೇ.

ಸ್ವಲ್ಪ ಹಿಂದೆ ಹೋಗೋಣ. 1934ರ ನವೆಂಬರ್ 4. ಮದರಾಸಿನ ಚೆಪಾಕ್. ರಣಜಿ ಟ್ರೋಫಿಯ ಇತಿಹಾಸದಲ್ಲೇ ಮೊಟ್ಟಮೊದಲ ಪಂದ್ಯ. ಒಂದು ಕಡೆ ಮದರಾಸು, ಇನ್ನೊಂದು ಕಡೆ ನಮ್ಮ ಮೈಸೂರು. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48ಕ್ಕೆ ಆಲೌಟ್. ಮದರಾಸು 130. ಮೈಸೂರು ಎರಡನೇ ಇನಿಂಗ್ಸ್‌ನಲ್ಲಿ 59. ಮುಗೀತು, ಒಂದೇ ದಿನದಲ್ಲಿ! ಎ.ಜಿ. ರಾಂ ಸಿಂಗ್ ಅನ್ನೋ ಎಡಗೈ ಸ್ಪಿನ್ನರ್ ಒಬ್ಬರೇ 11 ವಿಕೆಟ್ ತೆಗೆದ್ರು. ಟೂರ್ನಿಯ ಮೊದಲ ಪಂದ್ಯ ಆಡಿದ್ದೂ ನಾವೇ, ಮೊದಲು ಸೋತಿದ್ದೂ ನಾವೇ. ಅಭಿಮಾನಿ ಆಗೋದಕ್ಕೆ ಎಂಥಾ ಶುಭಾರಂಭ ನೋಡಿ.

ಅಲ್ಲಿಂದ ಸುಮಾರು 40 ವರ್ಷ ಕಪ್ ಇಲ್ಲ. 1941-42ರಲ್ಲಿ ಫೈನಲ್‌ಗೆ ಹೋದ್ರು, ಬಾಂಬೆ ಸೋಲಿಸ್ತು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ. ಆಗಿನ ಬಾಂಬೆ ಅಂದ್ರೆ ಸುಮ್ನೆ ಅಲ್ಲ. 1958-59ರಿಂದ 1972-73ರ ತನಕ ಸತತ 15 ವರ್ಷ ರಣಜಿ ಗೆದ್ದ ತಂಡ ಅದು. 15 ವರ್ಷ! ಒಂದು ಮಗು ಹುಟ್ಟಿ ಹತ್ತನೇ ಕ್ಲಾಸಿಗೆ ಬರೋ ಅಷ್ಟರಲ್ಲಿ ಬೇರೆ ಚಾಂಪಿಯನ್ನನ್ನೇ ನೋಡಿರಲ್ಲ.

ಅಜ್ಜಿ ಹುಟ್ಟಿದ್ದು 1944ರಲ್ಲಿ. ಕ್ರಿಕೆಟ್ ಹತ್ತಿಸಿದ್ದು ಅವರ ತಮ್ಮ. ಅವರಿಗೆ ನಾವು ಚಿಕ್ಕತಾತ ಅಂತೀವಿ. ವಠಾರದ ಅಂಗಳದಲ್ಲಿ ತಮ್ಮ ಬ್ಯಾಟಿಂಗು, ಅಕ್ಕ ಬೌಲಿಂಗು. ಮದುವೆ ಆದ್ಮೇಲೆ ಅಂಗಳ ಹೋಯ್ತು, ಅಡುಗೆಮನೆ ಬಂತು. ತಾತ ಸರ್ಕಾರಿ ನೌಕರಿ, ಶಿಸ್ತಿನ ಮನುಷ್ಯ. ಮನೆಯ ರೇಡಿಯೋ ತಾತಂದು. ಆಗೆಲ್ಲ ರೇಡಿಯೋ ಇಟ್ಕೊಳ್ಳೋದಕ್ಕೂ ಲೈಸೆನ್ಸ್ ಬೇಕಿತ್ತು ಗೊತ್ತಾ? ಪೋಸ್ಟ್ ಆಫೀಸಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸ್ಕೊಂಡು ಬರ್ಬೇಕು. ಆ ಪುಸ್ತಕದಲ್ಲಿ ಹೆಸರಿದ್ದಿದ್ದು ತಾತಂದು, ಹಾಗಾಗಿ ರೇಡಿಯೋ ಕಿವಿ ಹಿಂಡೋ ಹಕ್ಕೂ ಅವರದ್ದೇ. ಅವರು ಆಫೀಸಿಗೆ ಹೋದ ಮೇಲೆ ಅಜ್ಜಿ ರಾಜ್ಯ.

ಇಲ್ಲೊಂದು ಅಡ್ಡಮಾತು. ‘ಆಕಾಶವಾಣಿ’ ಅನ್ನೋ ಹೆಸರಿದೆಯಲ್ಲ, ಅದು ದೆಹಲಿಗೆ ಹೋಗೋಕೆ ಮುಂಚೆ ನಮ್ಮ ಮೈಸೂರಿನದ್ದು. ಡಾ. ಎಂ.ವಿ. ಗೋಪಾಲಸ್ವಾಮಿ ಅಂತ ಮನಃಶಾಸ್ತ್ರದ ಪ್ರೊಫೆಸರ್ ಇದ್ರು. 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದ್ರು. ಮೈಸೂರಿನ ಈ ಬಾನುಲಿಗಿದ್ದ ಹೆಸರೇ ಆಮೇಲೆ ಇಡೀ ದೇಶದ್ದಾಯ್ತು. ಮನೇಲಿ ಮೈಕ್ ಇಟ್ಕೊಂಡು ಮಾತಾಡೋ ನನ್ನಂಥವರಿಗೆಲ್ಲ ಅವರೇ ಮೂಲಪುರುಷ. ಸರಿ, ವಿಷಯಕ್ಕೆ ಬರೋಣ.

ನಮ್ಮ ಮನೆಯಲ್ಲಿ ಒಂದು ಕತೆ ಇದೆ. ನಾನು ನೂರು ಸಲ ಕೇಳಿದೀನಿ. ಅಜ್ಜಿ ಒರಳುಕಲ್ಲಲ್ಲಿ ದೋಸೆಗೆ ರುಬ್ತಾ ಇದ್ರಂತೆ. ರೇಡಿಯೋ ಕಿಟಕಿ ಮೇಲೆ. ಪ್ರಸನ್ನ ಬಾಲ್ ಹಾಕ್ತಾರೆ, ಗವಾಸ್ಕರ್ ಬೌಲ್ಡ್! ಅಜ್ಜಿ ಎದ್ದ ರಭಸಕ್ಕೆ ಹಿಟ್ಟೆಲ್ಲ ನೆಲದ ಪಾಲು. ತಾತ ಸಾಯಂಕಾಲ ಬಂದು "ಏನಿದು ನೆಲ ಅಂಟ್ತಾ ಇದೆ" ಅಂದ್ರೆ "ಬೆಕ್ಕು ಉರುಳಿಸ್ತು" ಅಂದ್ರಂತೆ. ಈ ಕತೆ ಹೇಳಿ ಅಜ್ಜಿ ಅದೆಷ್ಟು ನಗ್ತಿದ್ರು ಅಂದ್ರೆ, ನಂಗೆ ಕ್ರಿಕೆಟ್ ಅಂದ್ರೆ ಏನು ಅಂತ ಗೊತ್ತಾಗೋ ಮೊದ್ಲೇ ಪ್ರಸನ್ನ ಯಾರು ಅಂತ ಗೊತ್ತಿತ್ತು.

ಆ ಪಂದ್ಯ ಯಾವುದು? 1973-74ರ ರಣಜಿ ಸೆಮಿಫೈನಲ್, ಬೆಂಗಳೂರಲ್ಲಿ. ಇವತ್ತು ನಾವು ಚಿನ್ನಸ್ವಾಮಿ ಅನ್ನೋ ಸ್ಟೇಡಿಯಮ್ಮಲ್ಲಿ. ಆಗಿನ್ನೂ ಅಲ್ಲಿ ಒಂದು ಟೆಸ್ಟ್ ಕೂಡ ನಡೆದಿರ್ಲಿಲ್ಲ. ಮೊದಲ ಟೆಸ್ಟ್ ಬಂದಿದ್ದು ಅದೇ ವರ್ಷದ ನವೆಂಬರಲ್ಲಿ. ಇನ್ನೊಂದು ವಿಷಯ ಗಮನಿಸಿ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಯ್ತು. ತಂಡದ ಹೆಸರೂ ಬದಲಾಯ್ತು. ಅಂದ್ರೆ ಹೊಸ ಹೆಸರಲ್ಲಿ ಆಡಿದ ಮೊದಲ ಸೀಸನ್ನೇ ಅದು.

ಕ್ಯಾಪ್ಟನ್ ಎರಪಳ್ಳಿ ಪ್ರಸನ್ನ. ಅಜ್ಜಿ ಪಾಲಿಗೆ "ನಮ್ ಎನ್‌ಐಇ ಹುಡುಗ". ಮೈಸೂರಿನ ಆ ಕಾಲೇಜಲ್ಲಿ ಎಂಜಿನಿಯರಿಂಗ್ ಓದಿದವರು. 1962ರಲ್ಲಿ ಭಾರತ ತಂಡದ ಜೊತೆ ವೆಸ್ಟ್ ಇಂಡೀಸಿಗೆ ಹೋಗಿ ಬಂದು, ಓದು ಮುಗಿಸೋದಕ್ಕೋಸ್ಕರ ಟೆಸ್ಟ್ ಕ್ರಿಕೆಟ್ಟನ್ನೇ ಬಿಟ್ಟು ಕೂತ್ರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಈಗಿನವರು ಎರಡು ಪಂದ್ಯ ಬೆಂಚಲ್ಲಿ ಕೂತ್ರೆ ಇನ್‌ಸ್ಟಾಗ್ರಾಮಲ್ಲಿ ಕವನ ಬರೀತಾರೆ.

ಕರ್ನಾಟಕ ಮೊದಲು ಬ್ಯಾಟಿಂಗ್. ಗುಂಡಪ್ಪ ವಿಶ್ವನಾಥ್ 162. ಬ್ರಿಜೇಶ್ ಪಟೇಲ್ 106. ಒಟ್ಟು 385. ಇಲ್ಲಿ ರಣಜಿ ನೋಡದವರಿಗೆ ಒಂದು ನಿಯಮ ಹೇಳ್ಬೇಕು. ನಾಕೌಟ್ ಪಂದ್ಯ ಪೂರ್ತಿ ಮುಗೀದೆ ಇದ್ರೆ, ಮೊದಲ ಇನಿಂಗ್ಸ್‌ನಲ್ಲಿ ಯಾರು ಮುಂದಿದ್ರೋ ಅವರೇ ಮುಂದಿನ ಸುತ್ತಿಗೆ. ಹಾಗಾಗಿ ರಣಜಿಯಲ್ಲಿ ಎಷ್ಟೋ ಸಲ ನಿಜವಾದ ಯುದ್ಧ ಮೊದಲ ಇನಿಂಗ್ಸ್ ಲೀಡಿಗೆ. ಬಾಂಬೆ 385 ದಾಟಿದ್ರೆ ಮತ್ತೆ ಅದೇ ಹಳೆ ಕತೆ. ಗವಾಸ್ಕರ್ ಇದಾರೆ, ವಾಡೇಕರ್ ಇದಾರೆ, ಅಶೋಕ್ ಮಂಕಡ್ ಇದಾರೆ. ಪ್ರಸನ್ನ ಬಂದು ಗವಾಸ್ಕರ್ ಅವರ ಸ್ಟಂಪ್ ಉರುಳಿಸಿದ್ರು. ವಾಡೇಕರ್ ಚೆನ್ನಾಗಿ ಆಡ್ತಾ ಇದ್ದವರು ರನೌಟ್ ಆದ್ರು. ಬಾಂಬೆ 307ಕ್ಕೆ ಆಲೌಟ್. 78 ರನ್ ಲೀಡ್. 15 ವರ್ಷದ ಸಾಮ್ರಾಜ್ಯ ಅಲ್ಲಿಗೆ ಮುಗೀತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಮೊದಲ ಕಪ್. 

ಈಗ ಪುಸ್ತಕಕ್ಕೆ ಬರ್ತೀನಿ.

1974ರ ಪುಸ್ತಕ ಸಿಕ್ಕಿದ ಕೂಡ್ಲೆ ನಾನು ಹುಡುಕಿದ್ದು ಆ ಪಂದ್ಯವನ್ನೇ. ಸಿಕ್ತು. ಹಿಂದಿನ ಪುಟದಲ್ಲಿ ಇದೆ: ವಿಶ್ವನಾಥ್ 162, ಬ್ರಿಜೇಶ್ 106, ಗವಾಸ್ಕರ್ ಬೌಲ್ಡ್ ಪ್ರಸನ್ನ. ಕೆಳಗೆ ಚಿಕ್ಕದಾಗಿ ಇನ್ನೊಂದು ಸಾಲು. "ತಮ್ಮನ ಕಾಗದ ಬಂತು." ಚಿಕ್ಕತಾತ ಆಗ ಬೆಂಗಳೂರಲ್ಲಿ ಕೆಲಸಕ್ಕಿದ್ರು. ಅವರು ಸ್ಟೇಡಿಯಮ್ಮಿಗೆ ಹೋಗಿ, ನೋಡಿ, ಇನ್‌ಲ್ಯಾಂಡ್ ಲೆಟರ್‌ನಲ್ಲಿ ಅಕ್ಕನಿಗೆ ಬರೆದಿದ್ದಾರೆ. 

ಹಾಗಾದ್ರೆ ರೇಡಿಯೋ? ಒರಳುಕಲ್ಲು? ದೋಸೆ ಹಿಟ್ಟು?

ಪುಸ್ತಕ ತಿರುಗಿಸಿ ಮುಂದಿನಿಂದ ನೋಡಿದೆ. ಪಂದ್ಯ ಮುಗಿದು ಆರು ದಿನ ಆದಮೇಲೆ ಒಂದು ಖರ್ಚು. "ರೇಡಿಯೋ ರಿಪೇರಿ, 11-50. ಇವತ್ತು ತಂದರು." ಅದಕ್ಕೆ ಎರಡು ವಾರ ಮುಂಚೆ ಇನ್ನೊಂದು: "ರೇಡಿಯೋ ಅಂಗಡಿಗೆ, ಜಟಕಾ 1-00." ಅಂದ್ರೆ ಇಡೀ ಪಂದ್ಯ ನಡೆಯುವಾಗ ರೇಡಿಯೋ ಮನೆಯಲ್ಲೇ ಇರ್ಲಿಲ್ಲ. ಆಡಿಟರ್ ಭಾಷೇಲಿ ಹೇಳ್ಬೇಕಂದ್ರೆ, ವೋಚರ್ ಬೇರೆ ಹೇಳ್ತಿದೆ, ಮ್ಯಾನೇಜ್‌ಮೆಂಟ್ ಬೇರೆ ಹೇಳ್ತಿದೆ.

ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ನಂಬ್ತೀರಾ? ನಾನು ಒಂದು ತಂಡಕ್ಕೆ ಜೀವ ಕೊಡೋಕೆ ಶುರು ಮಾಡಿದ್ದೇ ಆ ಕತೆಯಿಂದ. ಅದು ನಡೆದೇ ಇಲ್ಲ ಅಂತ ಅಜ್ಜಿಯ ಕೈಬರಹವೇ ಹೇಳ್ತಿದೆ.

ಅಮ್ಮನ್ನ ಕೇಳಿದೆ. 1974ರಲ್ಲಿ ಅಮ್ಮಂಗೆ ಎಂಟು ವರ್ಷ. ಅಮ್ಮ ಹೇಳಿದ್ದು: "ಹಿಟ್ಟು ಚೆಲ್ಲಿದ್ದು ನಿಜ ಕಣೆ. ನಾನೇ ಒರೆಸಿದ್ದು. ಆದ್ರೆ ಕಾಗದ ಓದಿ ಎದ್ದಿದ್ದಾ, ರೇಡಿಯೋ ಕೇಳಿ ಎದ್ದಿದ್ದಾ, ಯಾರಿಗ್ ಗೊತ್ತು."

ಅಜ್ಜಿ ಸುಳ್ಳು ಹೇಳಿದ್ರಾ? ನಂಗೆ ಹಾಗನ್ಸಲ್ಲ. ಆಮೇಲಿನ ವರ್ಷಗಳಲ್ಲಿ ಅವರು ಕಿವಿಗೊಟ್ಟು ಕೇಳಿದ ಎಷ್ಟೋ ಪಂದ್ಯಗಳಿವೆ. ತಮ್ಮನ ಕಾಗದವನ್ನ ಅದೆಷ್ಟು ಸಲ ಓದಿದ್ರೋ, ಓದ್ತಾ ಓದ್ತಾ ಅದಕ್ಕೊಂದು ದನಿ ಬಂದಿರ್ಬೇಕು. ಇನ್ನೊಂದು ಅನುಮಾನವೂ ಇದೆ, ಹೇಳಿಬಿಡ್ತೀನಿ. "ತಮ್ಮ ನೋಡಿ ಬರೆದ, ನಾನು ಓದಿದೆ" ಅನ್ನೋದಕ್ಕಿಂತ "ನಾನೇ ಕೇಳಿದೆ" ಅನ್ನೋದು ಅವರಿಗೆ ಬೇಕಾಗಿತ್ತೋ ಏನೋ. ಎಲ್ಲರೂ ನೋಡಿಬಂದು ಹೇಳೋರೇ. ಇವರೊಬ್ಬರು ಮಾತ್ರ ಕೇಳಿಸ್ಕೊಳ್ಳೋರು.

ಯಾಕಂದ್ರೆ ಅಜ್ಜಿ ಒಮ್ಮೆ ಕೇಳಿದ್ರಂತೆ, "ಬೆಂಗಳೂರಿಗೆ ತಮ್ಮನ ಮನೆಗೆ ಹೋದಾಗ ಒಂದ್ ದಿನ ಮ್ಯಾಚಿಗೆ ಹೋಗ್ಬರ್ಲಾ" ಅಂತ. ತಾತ, "ಹೆಂಗಸರು ಹೋಗೋ ಜಾಗನಾ ಅದು" ಅಂದ್ರಂತೆ. ಅಷ್ಟೇ. ಜಗಳ ಇಲ್ಲ, ಏನಿಲ್ಲ. ಇದಾಗಿದ್ದು 1976ಕ್ಕೆ ಸ್ವಲ್ಪ ಮುಂಚೆ. ತಮಾಷೆ ನೋಡಿ, 1976ರ ಅಕ್ಟೋಬರ್ 31ಕ್ಕೆ ಅದೇ ಬೆಂಗಳೂರಲ್ಲಿ ಭಾರತದ ಹೆಂಗಸರು ತಮ್ಮ ಮೊದಲ ಟೆಸ್ಟ್ ಆಡಿದ್ರು, ವೆಸ್ಟ್ ಇಂಡೀಸ್ ವಿರುದ್ಧ. ಕ್ಯಾಪ್ಟನ್ ನಮ್ಮ ಶಾಂತಾ ರಂಗಸ್ವಾಮಿ. ಹೆಂಗಸರು ಬರೀ ಹೋಗೋದಲ್ಲ, ಆಡೋ ಜಾಗ ಆಗಿತ್ತು ಅದು. ಪೇಪರಲ್ಲಿ ಬಂದ ಅವರ ಒಂದು ಫೋಟೋ ಪುಸ್ತಕದ ಮಧ್ಯೆ ಇದೆ, ಅನ್ನದ ಅಗುಳಿಂದ ಅಂಟಿಸಿರೋದು. ಅದರ ಬಗ್ಗೆ ಅಜ್ಜಿ ನಂಗೆ ಯಾವತ್ತೂ ಹೇಳಿರ್ಲಿಲ್ಲ.

ಅಮ್ಮಂಗೆ ಈ ಹುಚ್ಚು ಬರ್ಲಿಲ್ಲ. ಬರೋದಿರ್ಲಿ, ಅಮ್ಮಂಗೆ ರಣಜಿ ಅಂದ್ರೆ ಸಿಟ್ಟು. ಕಾರಣ 1982. ಅಮ್ಮನ ಎಸ್‌ಎಸ್‌ಎಲ್‌ಸಿ ವರ್ಷ. ಅದೇ ಸೀಸನ್ ಫೈನಲ್, ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ. ಕರ್ನಾಟಕ ಮೊದಲ ಇನಿಂಗ್ಸಲ್ಲಿ ಎಷ್ಟು ಹೊಡೀತು ಗೊತ್ತಾ? 705. ಏಳು ನೂರಾ ಐದು. ಯಾರಾದ್ರೂ ಸೋಲ್ತಾರಾ? ನಾವು ಸೋತ್ವಿ. ದೆಹಲಿ 8 ವಿಕೆಟ್‌ಗೆ 707. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಅನ್ನೋ ಇಬ್ಬರು ಕೊನೇಲಿ ನಿಂತು ಲೀಡ್ ಕಿತ್ಕೊಂಡ್ರು. "ನಾನು ಗಣಿತದ ಪೇಪರ್ ಹೇಗಾಯ್ತು ಅಂತ ಹೇಳೋಕೆ ಬಂದ್ರೆ, ನಿಮ್ಮಜ್ಜಿ ರೇಡಿಯೋ ಪಕ್ಕ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ‘ಸುಮ್ನಿರೇ ಸ್ವಲ್ಪ’ ಅಂದ್ರು." ಅಮ್ಮ ಇದನ್ನ 40 ವರ್ಷದಿಂದ ಹೇಳ್ತಿದಾರೆ. ಇದರಲ್ಲಿ ಅಮ್ಮನ ತಪ್ಪಿಲ್ಲ ಅಂತ ನಂಗೂ ಅನ್ಸತ್ತೆ. ಮನೆಯಲ್ಲಿ ಒಬ್ಬರಿಗೆ ಒಂದು ತಂಡ ಅಂದ್ರೆ ಪ್ರಾಣ ಆದ್ರೆ, ಆ ಪ್ರಾಣದ ಒಂದು ಪಾಲು ಬೇರೆ ಯಾರ ಲೆಕ್ಕದಿಂದಲೋ ಹೋಗಿರತ್ತೆ.

ಆ ಸೀಸನ್ನಿನ ಸೆಮಿಫೈನಲ್ ಬಗ್ಗೆ ಹೇಳದೆ ಬಿಡೋಕಾಗಲ್ಲ. ಮತ್ತೆ ಬಾಂಬೆ, ಮತ್ತೆ ಬೆಂಗಳೂರು. ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಹ್ಯಾಟ್ರಿಕ್ ತೆಗೆದ ಪಂದ್ಯ. ಚೆಂಡು ಎಷ್ಟು ತಿರುಗ್ತಿತ್ತು ಅಂದ್ರೆ ಎರಡನೇ ಇನಿಂಗ್ಸಲ್ಲಿ ಗವಾಸ್ಕರ್ ಭಟ್ಟರನ್ನ ಎದುರಿಸೋಕೆ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತ್ರು! ಸುನಿಲ್ ಗವಾಸ್ಕರ್, ಎಡಗೈಯಲ್ಲಿ. ಅಜ್ಜಿಗೆ ಇದು ಮಹಾ ತೃಪ್ತಿ ಕೊಟ್ಟ ಘಟನೆ. ಆದ್ರೂ ಗವಾಸ್ಕರ್ ಮೇಲೆ ದ್ವೇಷ ಇರ್ಲಿಲ್ಲ ಅವರಿಗೆ. ವಿಶ್ವನಾಥ್ ಮದುವೆ ಆಗಿದ್ದು ಗವಾಸ್ಕರ್ ತಂಗಿಯನ್ನ. ಗವಾಸ್ಕರ್ ತಮ್ಮ ಮಗನಿಗೆ ಇಟ್ಟ ಹೆಸರಲ್ಲಿ ವಿಶ್ವನಾಥ್ ಹೆಸರೂ ಸೇರಿದೆ, ರೋಹನ್ ಜೈವಿಶ್ವ. "ನಮ್ಮ ವಿಶಿ ಭಾವನೋರು, ಬೈಬಾರದು" ಅಂತಿದ್ರು ಅಜ್ಜಿ, ಮನೆ ಬೀಗರ ಬಗ್ಗೆ ಮಾತಾಡೋ ಥರ.

ಮುಂದಿನ ವರ್ಷ ಬಾಂಬೆಯಲ್ಲೇ ಬಾಂಬೆಯನ್ನ ಸೋಲಿಸಿ ಮೂರನೇ ಕಪ್. ಎರಡನೆಯದ್ದು 1977-78ರಲ್ಲೇ ಬಂದಿತ್ತು, ಉತ್ತರ ಪ್ರದೇಶದ ವಿರುದ್ಧ, ಆ ಫೈನಲಲ್ಲಿ ವಿಶ್ವನಾಥ್ 247. ಆಮೇಲೆ ತೊಂಬತ್ತರ ದಶಕದಲ್ಲಿ ಮೂರು. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ ಕಾಲ ಅದು. ಆ ಕಾಲದ ಬಗ್ಗೆ ಬೇರೆ ಸಂಚಿಕೆಯನ್ನೇ ಮಾಡ್ಬೇಕು, ಈಗ ಬಿಟ್ಬಿಡ್ತೀನಿ. ನಾನು ಹುಟ್ಟಿದ್ದು 1997ರಲ್ಲಿ, ಆ ಕಪ್‌ಗಳೆಲ್ಲ ನನಗೆ ಬರೀ ಬಾಯಿಮಾತು.

ನನ್ನ ಸ್ವಂತದ್ದು ಅಂತ ಇರೋದು 2010.

ತಾತ ತೀರಿಕೊಂಡು ಏಳು ವರ್ಷ ಆಗಿತ್ತು. ರಣಜಿ ಫೈನಲ್ ಮೈಸೂರಿಗೆ ಬಂತು. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ. ಕರ್ನಾಟಕ ವರ್ಸಸ್ ಮುಂಬೈ. ಜನವರಿ 14, ನಾಲ್ಕನೇ ದಿನ. ಸಂಕ್ರಾಂತಿ. ನಾನು ಹಬ್ಬಕ್ಕೆ ಅಂತ ಅಜ್ಜಿ ಮನೆಗೆ ಹೋಗಿದ್ದೆ, 12 ವರ್ಷ ನಂಗೆ. ಬೆಳಿಗ್ಗೆ ಪೂಜೆ ಮುಗಿಸಿ ಅಜ್ಜಿ ಹೊಸ ಸೀರೆ ಉಟ್ಟು ನಿಂತಿದ್ರು. ಅಮ್ಮ "ಎಳ್ಳು ಬೀರೋಕೆ ಹೊರಟ್ರಾ ಇಷ್ಟು ಬೇಗ?" ಅಂದ್ರು. ಅಜ್ಜಿ "ಹೂಂ" ಅಂದ್ರು. ನನ್ನ ಕೈಗೆ ಎಳ್ಳು ಬೆಲ್ಲದ ಸ್ಟೀಲ್ ಡಬ್ಬಿ ಕೊಟ್ಟು, "ಬಾ ಪುಟ್ಟಿ" ಅಂತ ಆಟೋ ಹತ್ತಿಸಿದ್ರು. ಆಟೋದವನಿಗೆ "ಗಂಗೋತ್ರಿ ಗ್ರೌಂಡಿಗೆ ಬಿಡಪ್ಪ" ಅಂದಾಗಲೇ ನಂಗೆ ಗೊತ್ತಾಗಿದ್ದು.

ಹೋದ್ರೆ ಜನವೋ ಜನ. ಬೌಂಡರಿ ಸುತ್ತ ಜನ, ಮರದ ಮೇಲೆ ಜನ. ನಿಜವಾಗ್ಲೂ ಮರ ಹತ್ತಿ ಕೊಂಬೆ ಮೇಲೆ ಕೂತಿದ್ರು ಹುಡುಗರು. ಅಜ್ಜಿ ಎರಡು ನಿಮಿಷ ನಿಂತು ಸುಮ್ನೆ ನೋಡಿದ್ರು. "ಇಷ್ಟು ಹಸಿರಾ" ಅಂದ್ರು. ಯಾರೋ ಹುಡುಗರು ಜಾಗ ಮಾಡ್ಕೊಟ್ರು. ಅಜ್ಜಿ ಅವರಿಗೆಲ್ಲ ಎಳ್ಳು ಬೆಲ್ಲ ಕೊಟ್ರು. ಹಾಗಾಗಿ ಎಳ್ಳು ಬೀರಿದ್ದು ಸುಳ್ಳಲ್ಲ.

ಲೆಕ್ಕ ಹೇಳ್ತೀನಿ ಕೇಳಿ. ಮುಂಬೈ ಮೊದಲ ಇನಿಂಗ್ಸ್ 233. ನಾವು 130. ಮುಂಬೈ ಎರಡನೇ ಇನಿಂಗ್ಸ್ 234, ಅಭಿಮನ್ಯು ಮಿಥುನ್ ಒಬ್ಬನೇ 6 ವಿಕೆಟ್. ಗೆಲ್ಲೋಕೆ 338 ಬೇಕು. 46ಕ್ಕೆ 3 ವಿಕೆಟ್ ಹೋಗಿತ್ತು. ಅಲ್ಲಿಂದ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ನಿಂತ್ರು. ಪಾಂಡೆಗೆ ಆಗ 20 ವರ್ಷ. ಏನು ಹೊಡೆತ ಸ್ವಾಮಿ! 144. ಇಬ್ಬರೂ ಸೇರಿ ಸ್ಕೋರನ್ನ 255ಕ್ಕೆ ತಂದ್ರು. ಇನ್ನು 83 ರನ್, ಕೈಯಲ್ಲಿ 7 ವಿಕೆಟ್. ಪಕ್ಕದ ಹುಡುಗ ಆಗಲೇ ಫೋನಲ್ಲಿ ಯಾರಿಗೋ "ಗೆದ್ವಿ ಮಚ್ಚಾ" ಅಂತಿದ್ದ. ಅಜ್ಜಿ ಅವನ ಮೊಣಕೈಗೆ ಒಂದು ಕೊಟ್ರು. "ಬಾಯ್ಮುಚ್ಚು. 705 ಹೊಡ್ದು ಸೋತ ಟೀಮು ಇದು." ಆ ಹುಡುಗನಿಗೆ ಏನೂ ಅರ್ಥ ಆಗ್ಲಿಲ್ಲ, ಪಾಪ.

ಆಮೇಲೆ ಒಂದೊಂದೇ ವಿಕೆಟ್ ಬಿತ್ತು. ಅಗರ್ಕರ್ 5 ವಿಕೆಟ್ ತೆಗೆದ. ಬಾಲಂಗೋಚಿಗಳು ಒಂದು, ಎರಡು ಅಂತ ಕೂಡಿಸ್ತಾ ಹೋದ್ರು. 20 ಬೇಕು, 15 ಬೇಕು, 10 ಬೇಕು. ಅಜ್ಜಿ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ರು ಅಂದ್ರೆ ಬಳೆ ಗುರುತು ಬಿದ್ದಿತ್ತು. 331ಕ್ಕೆ ಆಲೌಟ್. 6 ರನ್ನಿಂದ ಸೋಲು.

ನೀವು ಸ್ಟೇಡಿಯಮ್ಮಲ್ಲಿ ಗಲಾಟೆ ಕೇಳಿರ್ತೀರ. ಅಷ್ಟು ಜನ ಒಟ್ಟಿಗೆ ಸುಮ್ಮನಾಗೋದನ್ನ ಕೇಳಿದೀರಾ? ಮರದ ಮೇಲಿದ್ದವರೂ ತಕ್ಷಣ ಇಳೀಲಿಲ್ಲ. ನಾನು ಜೋರಾಗಿ ಅತ್ತೆ. ಅಜ್ಜಿ ಸೆರಗಲ್ಲಿ ನನ್ನ ಮುಖ ಒರೆಸಿ, ಡಬ್ಬಿಯಲ್ಲಿ ಉಳಿದಿದ್ದ ಒಂದು ಸಕ್ಕರೆ ಅಚ್ಚು ಬಾಯಿಗಿಟ್ರು. ಕಿಕ್ಕೇರಿ ಹೋದ ಆಟೋ ಒಂದೂ ಸಿಗದೆ ಅರ್ಧ ದಾರಿ ನಡೆದ್ವಿ. ದಾರಿಯಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: "ಬಂದಿದ್ದು ಒಳ್ಳೇದಾಯ್ತು." ಮಾರನೇ ದಿನ ಸೂರ್ಯಗ್ರಹಣ. ಮನೆಯಲ್ಲಿ ಎಲ್ಲರೂ ಗ್ರಹಣದ ಎಫೆಕ್ಟು ಅಂತ ಪಂದ್ಯದ ಮೇಲೂ ಹಾಕಿದ್ರು. ಅಜ್ಜಿ ಮಾತ್ರ "ಗ್ರಹಣ ಮುಂಬೈಗೂ ಇತ್ತಲ್ಲ" ಅಂದ್ರು.

ಪುಸ್ತಕದಲ್ಲಿ 2010ರ ಆ ದಿನ ಹುಡುಕಿದೆ. ಮುಂದೆ: "ಹಾಲು 1 ಲೀ., ಎಳ್ಳು, ಕೊಬ್ಬರಿ, ಆಟೋ." ಹಿಂದೆ: ಏನೂ ಇಲ್ಲ. ಹತ್ತಾರು ವರ್ಷ ನೋಡದ ಪಂದ್ಯಗಳ ಸ್ಕೋರೆಲ್ಲ ಬರೆದವರು, ಕಣ್ಣಾರೆ ನೋಡಿದ ಒಂದೇ ಪಂದ್ಯದ್ದು ಬರೆದಿಲ್ಲ. ಸೋತಿದ್ದಕ್ಕಾ? 705ರದ್ದು ಬರೆದಿದ್ದಾರೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ಇದು ನಂಗೆ ಇನ್ನೂ ಬಗೆಹರಿದಿಲ್ಲ.

2014ರಲ್ಲಿ ಹೈದರಾಬಾದಲ್ಲಿ ಮಹಾರಾಷ್ಟ್ರವನ್ನ ಸೋಲಿಸಿ ಏಳನೇ ಕಪ್. 2015ರಲ್ಲಿ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ಎಂಟನೆಯದ್ದು, ಕರುಣ್ ನಾಯರ್ 328. ಎರಡಕ್ಕೂ ವಿನಯ್ ಕುಮಾರ್ ಕ್ಯಾಪ್ಟನ್. ನಾನು ಫೋನಲ್ಲಿ ಅಜ್ಜಿಗೆ ಒಂದೊಂದು ವಿಕೆಟ್ಟೂ ಹೇಳ್ತಿದ್ದೆ. ಈಗ ಕಾಗದ ಬರೆಯೋಳು ನಾನಾಗಿದ್ದೆ. 2021ರಲ್ಲಿ ಅಜ್ಜಿ ಹೋದ್ರು.

ಆರ್‌ಸಿಬಿ ಬಗ್ಗೆ ಕೇಳೇ ಕೇಳ್ತೀರ, ಕಾಮೆಂಟಲ್ಲಿ ಬರತ್ತೆ ಅಂತ ಗೊತ್ತು. 2008ರ ಏಪ್ರಿಲ್ 18, ಮೊದಲ ಐಪಿಎಲ್ ಪಂದ್ಯ. ಮೆಕಲಮ್ 158, ನಾವು 82ಕ್ಕೆ ಆಲೌಟ್. ಅಜ್ಜಿ "1934ರ ಥರಾನೇ ಆಯ್ತಲ್ಲೇ" ಅಂದಿದ್ರು. ಆಮೇಲೆ ಅವರಿಗೆ ಆಸಕ್ತಿ ಬರ್ಲಿಲ್ಲ. ನಂಗೆ ಬಂತು. ನನ್ನಿಂದ ಚಿಕ್ಕಮ್ಮನ ಮಗನಿಗೆ ಬಂತು. ಅವನಿಗೆ ಮೊದಲ ಕೆಂಪು ಜೆರ್ಸಿ ಕೊಡಿಸಿದ್ದು ನಾನೇ, ಅವನ ಎಂಟನೇ ಹುಟ್ಟುಹಬ್ಬಕ್ಕೆ.

2025ರ ಜೂನ್ 3. ಅಹಮದಾಬಾದ್. 18ನೇ ಸೀಸನ್ನಲ್ಲಿ ಆರ್‌ಸಿಬಿ ಗೆದ್ದಿದ್ದು ಎಷ್ಟು ರನ್ನಿಂದ ಹೇಳಿ? 6. ನಾನು ಕೂಗ್ತಾ ಇದ್ದವಳು ಆ ಅಂಕಿ ನೋಡಿ ಕೂತ್ಬಿಟ್ಟೆ. ಅಮ್ಮ, ಕ್ರಿಕೆಟ್ ಅಂದ್ರೆ ಆಗದ ಅಮ್ಮ, ಫೋನ್ ಮಾಡಿ "ನಿಮ್ಮಜ್ಜಿಗೆ ಬಡ್ಡಿ ಸಮೇತ ಬಂತು ಬಿಡು" ಅಂದ್ರು.

ಮಾರನೇ ದಿನ, ಜೂನ್ 4. ಚಿನ್ನಸ್ವಾಮಿ ಹೊರಗೆ ಏನಾಯ್ತು ಅಂತ ನಾನು ಹೇಳ್ಬೇಕಾಗಿಲ್ಲ. 11 ಜನ ಮನೆಗೆ ವಾಪಸ್ ಬರ್ಲಿಲ್ಲ. ಚಿಕ್ಕಮ್ಮನ ಮಗ, 17 ವರ್ಷ, ಕಾಲೇಜಿಂದ ಸೀದಾ ಅಲ್ಲಿಗೆ ಹೋಗಿದ್ದ. ಸಂಜೆ ಐದರಿಂದ ರಾತ್ರಿ ಎಂಟೂವರೆ ತನಕ ಅವನ ಫೋನ್ ಸಿಗ್ಲಿಲ್ಲ. ಆ ಮೂರೂವರೆ ಗಂಟೆ ಚಿಕ್ಕಮ್ಮ ನನಗೆ ಒಂದು ಮಾತೂ ಹೇಳ್ಲಿಲ್ಲ. ಆದ್ರೆ ಆ ಜೆರ್ಸಿ ಕೊಡಿಸಿದ್ದು ಯಾರು ಅಂತ ನಂಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಂದ. ಒಂದು ಕಾಲಲ್ಲಿ ಮಾತ್ರ ಶೂ. ಬಂದು ಮಾತಾಡದೆ ಸ್ನಾನಕ್ಕೆ ಹೋದ. ಜೆರ್ಸಿ ಈಗ ಅವನ ಬೀರುವಿನಲ್ಲಿದೆ, ಹಾಕೋದೂ ಇಲ್ಲ, ಕೊಡೋದೂ ಇಲ್ಲ.

ಅಜ್ಜಿ ಪುಸ್ತಕಗಳನ್ನ ಅವನಿಗೆ ತೋರಿಸಿದೆ ಮೊನ್ನೆ. ತುಂಬಾ ಹೊತ್ತು ಹಾಲಿನ ಲೆಕ್ಕದ ಕಡೆಯೇ ನೋಡ್ತಿದ್ದ. "ಅಕ್ಕಾ, ಆಗ ಹಾಲು ಇಷ್ಟು ಕಮ್ಮಿನಾ?" ಅಂದ. ಆಮೇಲೆ ತಿರುಗಿಸಿ, ವಿಶ್ವನಾಥ್ ಯಾರು ಅಂತ ಕೇಳಿದ. ಹೇಳೋಕೆ ಶುರು ಮಾಡಿದೆ. ಭದ್ರಾವತಿ ಹುಡುಗ, ಕುಳ್ಳಗಿದ್ದ, 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟು, ಮೊದಲ ಇನಿಂಗ್ಸ್ ಸೊನ್ನೆ, ಎರಡನೆಯದ್ದು 137. ಒರಳುಕಲ್ಲಿನ ಕತೆಗೆ ಬಂದಾಗ ಒಂದು ಕ್ಷಣ ನಿಲ್ಲಿಸಿದೆ. ರಿಪೇರಿ ವೋಚರ್ ಪುಟ ಅವನ ಕೈಯಲ್ಲೇ ಇತ್ತು. ಎರಡೂ ಹೇಳಿದೆ, ಕತೆಯನ್ನೂ, ವೋಚರನ್ನೂ. ಅವನಿಗೆ ವೋಚರ್ ಜಾಸ್ತಿ ಇಷ್ಟ ಆಯ್ತು.

ಪುಸ್ತಕ ರದ್ದಿಗೆ ಹೋಗಿಲ್ಲ, ಚಿಂತೆ ಬೇಡ. ಸ್ಕ್ಯಾನ್ ಮಾಡಿಸ್ತಿದೀನಿ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ, ಕಾಗದ, ಕತ್ತರಿಸಿಟ್ಟ ಪೇಪರ್ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ, ಯಾರದ್ದು, ಯಾವ ತಂಡ ಅಂತ ಹೇಳಿ. ಫುಟ್‌ಬಾಲ್, ಕಬಡ್ಡಿ, ಕೊಡಗಿನವರು ಹಾಕಿ, ಯಾವುದಾದ್ರೂ ಸರಿ. ಮುಂದಿನ ವಾರ ಸಿಗೋಣ.